ದೊರೆಯ ಕಾಲು ಹಿಡಿದವನು

ಗೊರೊನ್ವಿ ಸಭಾಮನೆಯ ಹೊಸ್ತಿಲು ದಾಟಿ ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ದೊರೆಯಾಗಿದ್ದ ಅಣ್ಣ ಇದ್ವಲ್‌ನ ದನಿ ಕೇಳಿತು.

"ಬಾ ತಮ್ಮಾ ಗೊರೊನ್ವಿ. ಕುಂಟ್ತಾ ಇದೀಯಲ್ಲೋ, ಕುದುರೆ ಒದೀತಾ?"

ಗೊರೊನ್ವಿಗೆ ಮೈ ಉರಿಯಿತು. ಈ ಇದ್ವಲ್‌ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಒಳಗೆ ಬರುವಂತಿಲ್ಲ. ಅಪ್ಪ ಸತ್ತರೆ ನೆಲ ಮಕ್ಕಳಿಗೆ ಸಮಪಾಲು, ಅದೇ ವೇಲ್ಸ್ ಸೀಮೆಯ ಕಟ್ಟಳೆ. ಆದರೆ ಇದ್ವಲ್ ಇಡೀ ಕಣಿವೆಯನ್ನು ನುಂಗಿ ಕೂತಿದ್ದ. ಇವತ್ತು ಅವನ ಮಗನಿಗೆ ಹದಿನಾಲ್ಕು ತುಂಬಿದ ಹಬ್ಬ. ರಾತ್ರಿಯ ಔತಣಕ್ಕೆ ಮುಂಚೆಯೇ ಹಿರಿಯರು ಹುಡುಗನ ಕೈಗೆ ಈಟಿ ಕೊಟ್ಟು ಗಂಡಸೆಂದು ಒಪ್ಪಿಕೊಂಡಿದ್ದರು; ಇನ್ನು ಅಪ್ಪನ ಗಾದಿಗೆ ಅವನೂ ಹಕ್ಕುದಾರ. ಹುಡುಗ ಬೇರೂರುವ ಮುಂಚೆ ಏನಾದರೂ ಮಾಡಲೇಬೇಕಿತ್ತು.

ಏನು ಮಾಡಬೇಕೆಂದು ಗೊರೊನ್ವಿ ನಿರ್ಧರಿಸಿಯೇ ಬಂದಿದ್ದ. ಅಂಗ ಊನವಾದವನು ಆಳುವಂತಿಲ್ಲ. ಅಣ್ಣನನ್ನು ಕೊಲ್ಲಬೇಕಾಗಿಲ್ಲ, ಆ ಎರಡು ಕಣ್ಣು ಹೋದರೆ ಸಾಕು. ಸಿಕ್ಕಿಬೀಳಬಾರದು ಅಷ್ಟೇ. ಒಡಹುಟ್ಟಿದವನ ಅಂಗ ಕಿತ್ತವನಿಗೆ ಒಂದು ಗೇಣು ನೆಲವೂ ಸಿಗುವುದಿಲ್ಲ.

ಇದ್ವಲ್‌ನ ಕಾಲ ಬುಡದಲ್ಲಿ ಮೇಲಿರ್ ಕೂತಿದ್ದ. ದೊರೆ ಊಟಕ್ಕೆ ಕೂತಾಗಿನಿಂದ ನಿದ್ದೆ ಹತ್ತುವವರೆಗೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ನೀವುವುದು ಅವನ ಹುದ್ದೆ. ಊಟವೂ ದೊರೆಯ ತಟ್ಟೆಯಲ್ಲೇ. ಮಾಂಸ ಬಿಡಿಸಿ ದೊರೆಯ ಕೈಗಿಡುತ್ತಿದ್ದ.

"ಕಾಲು ಹಿಡಿದೇ ಹೊಟ್ಟೆ ಬೆಳೆಸಿದೆಯಲ್ಲೋ ಮೇಲಿರ್!" ಎಂದ ಗೊರೊನ್ವಿ.

"ಹಿಡಿಯೋಕೂ ಕಲ್ತಿರ್ಬೇಕು, ಸಣ್ಣ ದೊರೆ," ಎಂದ ಮೇಲಿರ್. ನಗಲಿಲ್ಲ. ಅವನ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಹಿಮ್ಮಡಿ, ಹೆಬ್ಬೆರಳು, ಕಿರುಬೆರಳು, ಒತ್ತುತ್ತಲೇ ಇದ್ದವು.

ಗೊರೊನ್ವಿಯ ಕೈ ತಾನಾಗಿಯೇ ಸೊಂಟದ ಚಾಕುವಿನತ್ತ ಹೋಯಿತು. ಮೇಲಿರ್ ದೊರೆಯ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಸುಕಿದ.

"ಚಾಕುವಿಂದ ಕೈ ತೆಗಿ ತಮ್ಮಾ, ಹಬ್ಬದ ಮನೆ ಇದು," ಎಂದ ಇದ್ವಲ್ ತಕ್ಷಣ. ಆಮೇಲೆ ಸಭೆಗೆಲ್ಲ ಕೇಳುವಂತೆ ದನಿಯೇರಿಸಿದ. "ಪಾಲು ಕೇಳೋಕೆ ಬಂದ್ಯಾ? ನನ್ನ ಕಣ್ಣಲ್ಲಿ ಬೆಳಕಿರೋವರೆಗೂ ಒಂದು ಹಿಡಿ ಮಣ್ಣೂ ಕೊಡಲ್ಲ, ಹೋಗು!"

ಎಲ್ಲರೂ ಗೊಳ್ಳೆಂದು ನಕ್ಕರು. ಗೊರೊನ್ವಿ ಅವಮಾನದಿಂದ ಹಲ್ಲು ಕಚ್ಚಿದ.

ಊಟ ಮುಗಿಯಿತು. ಇದ್ವಲ್ ಮೇಲಿರ್‌ನ ಹೆಗಲ ಮೇಲೆ ಕೈಯಿಟ್ಟು ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಮೇಲಿರ್ ಒಬ್ಬನೇ ಹೊರಬಂದ. "ದೊರೆ ಇವತ್ತು ಒಬ್ಬರೇ ಮಲಗ್ತಾರಂತೆ. ಕಾವಲಿನವರೂ ಕುಡೀಲಿ ಅಂದಿದಾರೆ!" ಎಂದು ಕೂಗಿ ಹೇಳಿದ. ಅದೃಷ್ಟ ಕೊನೆಗೂ ನನ್ನ ಕಡೆ ತಿರುಗಿತು ಎಂದುಕೊಂಡ ಗೊರೊನ್ವಿ.

ಹಿತ್ತಲ ಬಾಗಿಲಿನಿಂದ ನುಸುಳಿದ. ಕೋಣೆಯ ಒಲೆಯಲ್ಲಿ ಯಾರೋ ಕಬ್ಬಿಣದ ಸರಳನ್ನು ಕೆಂಡದಲ್ಲೇ ಮರೆತುಬಿಟ್ಟಿದ್ದರು. ಚಾಕುವಿಗಿಂತ ಇದೇ ವಾಸಿ. ಮೇಲಂಗಿಯ ಅಂಚು ಕೈಗೆ ಸುತ್ತಿ ಎತ್ತಿಕೊಂಡ.

ತಿರುಗಿ ನೋಡಿದರೆ ಇದ್ವಲ್ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ನೇರವಾಗಿ ಇವನತ್ತಲೇ ಮುಖ.

ಗೊರೊನ್ವಿ ನಿಂತಲ್ಲೇ ನಿಂತ. ನೋಡುತ್ತಿದ್ದಾನೆ, ಆದರೂ ಯಾಕೆ ಕೂಗುತ್ತಿಲ್ಲ? ಓಡಿಹೋಗಲೇ? ಕಾಲು ಕೇಳಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೆಂಪಗೆ ಕಾದ ತುದಿ ಅಣ್ಣನ ಮುಖದ ಹತ್ತಿರ ಬಂತು.

ರೆಪ್ಪೆ ಮಿಟುಕಲಿಲ್ಲ.

"ಅಣ್ಣಾ..." ಎಂದ ಗೊರೊನ್ವಿ. ಸರಳು ಹಿಂದಕ್ಕೆ ಸರಿಯಿತು.

"ಮೂರು ಚಳಿಗಾಲ ಆಯ್ತು ತಮ್ಮಾ, ಎರಡೂ ಕತ್ತಲಾಗಿ," ಎಂದ ಇದ್ವಲ್ ಮೆಲ್ಲಗೆ. "ನನ್ನ ಕಣ್ಣು ಮೇಲಿರ್‌ನ ಬೆರಳಲ್ಲಿತ್ತು. ಗೊತ್ತಾಗಿದ್ರೆ ಎಲ್ಲಾ ನಿನ್ನ ಪಾಲಾಗ್ತಿತ್ತು. ಮಗನಿಗೆ ಹದಿನಾಲ್ಕು ತುಂಬ್ಲಿ ಅಂತ ಕಾಯ್ತಿದ್ದೆ."

ತಡವರಿಸಿದ ಕೈಯೊಂದು ಗೊರೊನ್ವಿಯ ಮಣಿಕಟ್ಟನ್ನು ಹುಡುಕಿ ಬಿಗಿಯಾಗಿ ಹಿಡಿಯಿತು. ಸರಳನ್ನು ತನ್ನ ಮುಖದ ಕಡೆಗೇ ಎಳೆದುಕೊಂಡಿತು.

"ಓಡಿ ಬನ್ರೋ! ನನ್ನ ತಮ್ಮ ನನ್ನ ಕಣ್ಣು ತೆಗೆದ!"