ಹೊಸ್ತಿಲ ಮೇಲಿನ ಅವ್ವ

"ಉಸಿರು ಬಿಡಬ್ಯಾಡ!" ಎಂದು ಅಮಸಿದ್ದ ಕ್ಯಾಮೆರಾ ಹಿಂದಿನಿಂದ ಕೂಗಿದ.

ಮಾಡೆಲ್ ಮೃದುಲಾ ಉಸಿರು ಬಿಟ್ಟಳು. ಸೊಂಟದ ಮೇಲಿನ ಕೊಡ ಅಲುಗಿತು, ಸೆರಗು ಅಲುಗಿತು, ಚಿತ್ರ ಕೆಟ್ಟಿತು.

"ಕಾಕಾ, ನಾನೂ ಮನುಷ್ಯಾಳೇ ಅಲ್ಲೇನು! ಎಷ್ಟೊತ್ತು ಹಿಂಗೇ ನಿಂದ್ರಲಿ?"

"ಕಾಕಾ ಅಲ್ಲ. ಸರ್ ಅನ್ನು."

"ಸಾರಿ, ಸರ್ ಕಾಕಾ."

ಎಲ್ಲೋರಾ ಗುಹೆಗಳಿರುವ ವೇರೂಳಿನ ಹಳೆಯ ವಾಡೆ ಮನೆಯೊಂದರ ಕಲ್ಲಿನ ಬಾಗಿಲು. ಹೊಸ್ತಿಲ ಮೇಲೆ ಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ಎಡಸೊಂಟದಲ್ಲಿ ಹಿತ್ತಾಳೆ ಕೊಡ, ಬಲಗೈ ಚೌಕಟ್ಟಿನ ಮೇಲೆ. ಬೆಳಗಿನಿಂದ ಇದೊಂದೇ ಭಂಗಿ. ಬೇರೆಯದು ಅಮಸಿದ್ದನಿಗೆ ಬೇಕಿರಲಿಲ್ಲ.

ಅವನಿಗೆ ಸಿಟ್ಟು ಬೇಗ ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಗೊತ್ತಿರುವುದಕ್ಕೂ ಸಿಟ್ಟು ಬರುತ್ತಿತ್ತು. ಚಿಂಚೋಳಿ ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ನಾಸಿಕಕ್ಕೆ ಬಂದವನು ಇಪ್ಪತ್ತೈದು ವರ್ಷ ಮದುವೆಗಳ ಫೋಟೋ ತೆಗೆದಿದ್ದ. ಬೀಗರು ಲಾಡು ಬಾಯಿಗಿಡುವ ಕ್ಷಣವನ್ನೇ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದನ್ನು ಯಾರಾದರೂ ಹೊಗಳಿದರೆ ಅವನಿಗೆ ಅಳು ಬರುತ್ತಿತ್ತು. ಹೋದ ತಿಂಗಳು ಹೊಸ ಕಾರ್ಡು ಅಚ್ಚು ಹಾಕಿಸಿದ್ದ: 'ಎ. ಸಿದ್, ಫ್ಯಾಷನ್ ಫೋಟೋಗ್ರಾಫರ್.' ಓದಲು ಬಾರದ ತಾಯಿಗೆ ಓದಿ ಹೇಳಿದಾಗ, "ಇವ ಯಾರು?" ಎಂದು ಕೇಳಿದ್ದಳು.

ಈಗ ಕೆಲಸ ಕೊಟ್ಟವರು ಬೀದರ ಕಡೆಯ ವಿಶ್ವನಾಥಪ್ಪನವರು. ನಾಸಿಕದಲ್ಲಿ ಅವರದು ಅಪ್ಪನ ಕಾಲದ ಸೀರೆ ಅಂಗಡಿ. ಸಂಭಾಜಿನಗರದಲ್ಲಿ ಎರಡನೆಯದು ತೆರೆಯುವವರಿದ್ದರು. ಅದರ ಇಡೀ ಗೋಡೆಗೆ ಒಂದು ಚಿತ್ರ ಬೇಕಿತ್ತು. ಚಿತ್ರ ಒಪ್ಪಿಗೆಯಾದರೆ ವರ್ಷವಿಡೀ ಎರಡೂ ಅಂಗಡಿಗಳ ಫೋಟೋ ಅಮಸಿದ್ದನದೇ. ಮತ್ತೆಂದೂ ಲಾಡು ತಿನ್ನುವವರ ಮುಂದೆ ಬಗ್ಗಿ ನಿಲ್ಲಬೇಕಿಲ್ಲ.

"ಮೊದಲಿನವ ಮೊಬೈಲಿನಾಗ ನೋಡಿ ನಕಲು ಹೊಡದಿದ್ದ," ಎಂದಿದ್ದರು ವಿಶ್ವನಾಥಪ್ಪ. "ನಕಲು ಅಂತ ಗೊತ್ತಾದ್ರ ಆ ಹೊತ್ತಿಗೇ ಕೆಲಸ ಬಂದ್. ಎರಡನೇ ಮಾತಿಲ್ಲ."

"ನಂದು ಮೊಬೈಲಿಂದಲ್ರಿ, ತಲಿಯಾಗಿಂದು," ಎಂದು ಅಮಸಿದ್ದ ಎದೆ ತಟ್ಟಿಕೊಂಡಿದ್ದ. "ನಾ ಸಣ್ಣವಿದ್ದಾಗ ನಮ್ಮವ್ವ ಹೊಸ್ತಿಲ ಮ್ಯಾಲ ಹಿಂಗೇ ನಿಂತು, ನಾ ಉಣ್ಣೂದು ನೋಡ್ತಿದ್ಲು. ಜಗತ್ತಿನಾಗ ಯಾರೂ ಇದನ್ನ ನೋಡಿಲ್ಲ."

ಸಾಕ್ಷಿಗೆಂದು ತಾಯಿಯನ್ನೂ ನಾಸಿಕದಿಂದ ಕಾರಿನಲ್ಲಿ ಕರೆತಂದಿದ್ದ. ಚನ್ನಮ್ಮ ಬೇವಿನ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

"ಯವ್ವಾ, ನೋಡು. ಹಿಂಗೇ ಅಲ್ಲೇನು?"

"ಇಷ್ಟು ಚೆಂದ ಇದ್ನೇನೋ ನಾ?"

"ಇದ್ದಿ. ದಿನಾ ಇದೇ ಸೀರಿ ಉಡ್ತಿದ್ದಿ."

"ದಿನಾ ಅದೊಂದೇನಾ? ಒಗೀತಿದ್ದಿಲ್ಲೇನು?"

ಮೃದುಲಾ ಕಿಸಕ್ಕನೆ ನಕ್ಕಳು. ಅಮಸಿದ್ದ ಅವಳತ್ತ ಕಣ್ಣು ಕೆಂಪಗೆ ಮಾಡಿದ.

"ಎಂದೂ ಬೈದಿಲ್ಲ ನೀ ನನಗ," ಎಂದು ಮುಂದುವರಿಸಿದ. "ಊಟ ಮುಗಿಯೂ ತನಕ ಒಂದು ಮಾತಿಲ್ಲ, ಕೊಡ ಕೆಳಗ ಇಟ್ಟಿದ್ದಿಲ್ಲ. ನೋಡ್ತಾ ನಿಂತಿರ್ತಿದ್ದಿ."

"ನಾನು? ಬೈದಿಲ್ಲ?" ಚನ್ನಮ್ಮ ಮಗನನ್ನು ಒಂದು ಗಳಿಗೆ ನೋಡಿದಳು. "ಇರಲೇಳಪ್ಪಾ. ನಿನಗ ಹಂಗ ನೆನಪಿದ್ರ ನನಗೂ ಚೆಂದೇ."

ಮಧ್ಯಾಹ್ನದ ಹೊತ್ತಿಗೆ ಮೃದುಲಾ ಕೊನೆಗೂ ಗೊಂಬೆಯಂತೆ ನಿಂತಳು. ಸೀರೆಯ ನೆರಿಗೆಯೊಂದೂ ಅಲುಗಲಿಲ್ಲ. ಅಮಸಿದ್ದ ಗುಂಡಿ ಒತ್ತಿದ. ಪರದೆಯ ಮೇಲೆ ಮೂಡಿದ್ದನ್ನು ನೋಡಿದ. ಬಟ್ಟಲು ಹಿಡಿದು ನೆಲದ ಮೇಲೆ ಕೂತಿದ್ದ ನಾಲ್ಕು ವರ್ಷದ ಪೋರನಾದ.

ಅಷ್ಟರಲ್ಲಿ ವಿಶ್ವನಾಥಪ್ಪನವರ ಕಾರು ಬಂತು. ಅವರು ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕಣ್ಣಲ್ಲಿ ನೀರಾಡಿತು. ಗಿರಾಕಿಯನ್ನು ಅಳಿಸಿದೆನಲ್ಲ ಎಂದು ಅಮಸಿದ್ದ ಒಳಗೊಳಗೇ ಕುಣಿದ. ಎ. ಸಿದ್ ಗೆದ್ದಿದ್ದ.

"ಇದನ್ನ ಎಲ್ಲಿ ನೋಡಿದ್ರಿ?" ಎಂದರು ವಿಶ್ವನಾಥಪ್ಪ.

"ಎಲ್ಲಿ ನೋಡ್ತೀನ್ರಿ? ನಮ್ಮ ಮನ್ಯಾಗ! ನಮ್ಮವ್ವ ಅಲ್ಲೇ ಕುಂತಾಳ, ಕೇಳ್ರಿ ಬೇಕಾದ್ರ."

ಅವರು ಕೇಳಿದರು. ಕ್ಯಾಮೆರಾ ಹಿಡಿದುಕೊಂಡೇ ಹೋಗಿ, ಬಗ್ಗಿ, ಪರದೆ ತೋರಿಸಿ ಕೇಳಿದರು. ಹಿರಿಯ ಮನುಷ್ಯ ಹಾಗೆ ಕೇಳಿದ ಮೇಲೆ ಚನ್ನಮ್ಮನಿಗೆ ಸುಳ್ಳು ಬರಲಿಲ್ಲ.

"ಇಕಿ ನಾ ಅಲ್ರಿ ಯಪ್ಪಾ," ಎಂದಳು. "ಅವಾಗ ನಾ ಊರಾಗೇ ಇದ್ದಿಲ್ಲ. ನಾಲ್ಕು ವರ್ಷ ಇಗತಪುರಿ ರೈಲ್ವೆ ಲೈನಿನಾಗ ಖಡಿ ಕಲ್ಲು ಹೊತ್ತೀನಿ. ಇಂಥ ಸೀರಿ ನಾ ಮುಟ್ಟಿ ಸೈತ ನೋಡಿಲ್ಲ. ನಾಸಿಕಕ್ಕ ಹೋದಾಗೊಮ್ಮೆ ನಿಮ್ಮ ಅಂಗಡ್ಯಾಗ ಕುಪ್ಪಸದ ಅರಿವಿ ತಗೊಂಡಿದ್ದೆ, ಒಂದು ಕ್ಯಾಲೆಂಡರ್ ಕೊಟ್ಟಿದ್ರು. ಚಿತ್ರ ಚೆಂದದ ಅಂತ ಊರಿಗೆ ಕಳಿಸಿದೆ. ಇವ ಉಣ್ಣಲಾರದೆ ಅಳ್ತಿದ್ನಂತ. ಇವರಜ್ಜಿ ಗ್ವಾಡಿಗಿ ಅದನ್ನ ತೂಗುಹಾಕಿ, 'ಇಕೀನೇ ನಿಮ್ಮವ್ವ, ನೋಡ್ಲತ್ತಾಳ, ಉಣ್ಣು' ಅಂತ ತುತ್ತು ಹಾಕ್ತಿದ್ಲು. ನಾ ತಿರುಗಿ ಬಂದಾಗ ಇವ ನನ್ನ ಹತ್ರನೇ ಬರ್ಲಿಲ್ರಿ."

ಅಮಸಿದ್ದನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಸತ್ತ ಅಜ್ಜಿಯ ಮೇಲೆ ಮಾಡಲೂ ಆಗಲಿಲ್ಲ. ಗಿರಾಕಿಯ ಅಂಗಡಿಯದೇ ಚಿತ್ರ ನಕಲು ಮಾಡಿ ಗಿರಾಕಿಗೇ ತೋರಿಸಿದ ಫೋಟೋಗ್ರಾಫರ್ ನಾಸಿಕ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

"ಮಾತು ಮಾತೇರಿ, ಕೆಲಸ ಬಂದ್," ಎಂದರು ವಿಶ್ವನಾಥಪ್ಪ. ಕ್ಯಾಮೆರಾ ಮಾತ್ರ ಕೈಬಿಡಲಿಲ್ಲ. "ಆದ್ರ ಈ ಒಂದು ಫೋಟೋ ನನಗ ಕೊಡ್ರಿ, ಮನಿಗೆ ಬೇಕು. ಮಾಡೆಲ್ ಖರ್ಚು ಯಾಕಂತ ನಮ್ಮಪ್ಪ ಆ ಕ್ಯಾಲೆಂಡರಿಗೆ ನಮ್ಮವ್ವನ್ನೇ ನಿಲ್ಲಿಸಿದ್ದ."