ಬಿಸಿ ಹಿಡಿಯುವ ಕ್ಯಾಮೆರಾ

“ನೋಡೇ, ನಿಮ್ಮ ಗೋಡೆಗೆ ಜ್ವರ ಬಂದಿದೆ!”

ಕೊಳಾಯಿ ರಿಪೇರಿಯ ಅಣ್ಣ ತನ್ನ ಹೊಸ ಕ್ಯಾಮೆರಾದ ಪರದೆಯನ್ನು ತಂಗಿಯತ್ತ ತಿರುಗಿಸಿದ. ನೀಲಿ ಗೋಡೆಯ ನಡುವೆ ಬಿಸಿನೀರಿನ ಪೈಪು ಕಿತ್ತಳೆ ಬಣ್ಣದಲ್ಲಿ ಓಡುತ್ತಿತ್ತು. ಸ್ವಿಚ್‌ಬೋರ್ಡಿನ ಕೆಳಗೆ ಮಾತ್ರ ಆ ಬಣ್ಣ ತಟ್ಟೆಯಗಲ ಹರಡಿತ್ತು. ಸೋರುವ ಜಾಗ ಅದೇ. ಮೊದಲಾಗಿದ್ದರೆ ಅದನ್ನು ಹುಡುಕಲು ಅರ್ಧ ಗೋಡೆ ಕುಟ್ಟಿ ಕೆಡವಬೇಕಿತ್ತು.

“ನಿಲ್ಲಿಸ್ಲಾ ಭಾವ?” ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಿಟ್ಟುಕೊಂಡು ನಿಂತಿದ್ದ ತಂಗಿಯ ಗಂಡ ಕೂಗಿದ.

“ಇನ್ನೊಂಚೂರು ಬಿಡಿ.”

ಚಿನ್ನದಂಥ ಮನುಷ್ಯ. ತಾನು ಫೋನ್ ಕೂಡ ಮಾಡದೆ ಬಂದು ಬಾಗಿಲು ತಟ್ಟಿದರೂ ನಗುನಗುತ್ತಾ ಕೈಕುಲುಕಿ ಒಳಗೆ ಕರೆದಿದ್ದ. ಈ ಸಂಬಂಧ ಹುಡುಕಿದವನು ತಾನೇ ಎಂದು ಅಣ್ಣ ಕಂಡಕಂಡವರ ಮುಂದೆ ಬೀಗುತ್ತಿದ್ದ.

“ಇದು ಗೋಡೆ ಒಳಗೆ ಹೊಕ್ಕು ನೋಡತ್ತಾ?” ತಂಗಿ ಕೇಳಿದಳು.

“ಇಲ್ಲ ಕಣೇ. ಬಿಸಿ ಇರೋದೆಲ್ಲ ಒಂಥರಾ ಕಿರಣ ಬಿಡತ್ತೆ, ನಮ್ಮ ಕಣ್ಣಿಗೆ ಕಾಣಲ್ಲ. ಟಿವಿ ರಿಮೋಟಿಂದ ಬರತ್ತಲ್ಲ, ಅದರ ದಾಯಾದಿ ಅನ್ಕೋ. ಈ ಕ್ಯಾಮೆರಾ ಅದನ್ನ ಹಿಡಿಯತ್ತೆ. ನೀನೂ ಬಿಡ್ತಿದ್ದೀಯ, ನಿಂತ್ಕೋ. ಆ ಗಂಟುಮೋರೆ ಸ್ವಲ್ಪ ಸಡಿಲ ಮಾಡು!”

ಅವಳು ನಕ್ಕಳು. ಅಣ್ಣ ಕ್ಯಾಮೆರಾ ಎತ್ತಿದ. ಮೂಗು ನೀಲಿ, ಹಣೆ ಹಳದಿ. “ಅಯ್ಯೋ, ಥೇಟ್ ದೆವ್ವ...” ಎಂದವನು ಪರದೆಯನ್ನು ಕಣ್ಣಿಗೆ ಹತ್ತಿರ ತಂದ.

ಎಡಗೆನ್ನೆಯ ಮೇಲೆ ನಾಲ್ಕು ಬೆರಳು. ಒಂದೊಂದೂ ಬಿಡಿಬಿಡಿಯಾಗಿ, ಕೆಂಪಗೆ, ಕಿವಿಯವರೆಗೂ ಚಾಚಿಕೊಂಡಿದ್ದವು.

ಕ್ಯಾಮೆರಾ ಇಳಿಸಿ ಅವಳ ಮುಖ ನೋಡಿದ. ಏನೂ ಇಲ್ಲ. ಅದೇ ಕಪ್ಪು ನುಣುಪು ಕೆನ್ನೆ, ಅದೇ ನಗು. ಮತ್ತೆ ಎತ್ತಿದ. ಬೆರಳುಗಳು ಇದ್ದಲ್ಲೇ ಇದ್ದವು. ತಾನು ಬಂದು ಕಾಲು ಗಂಟೆಯೂ ಆಗಿಲ್ಲ. ಅಂದರೆ ತಾನು ಬಾಗಿಲು ತಟ್ಟುವ ಹೊತ್ತಿಗೆ ಒಳಗೆ ಇದು ನಡೆದಿತ್ತು. ಆಮೇಲೆ ಬಂದು ತನ್ನ ಕೈಕುಲುಕಿದ್ದೂ ಅದೇ ಕೈ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೇಸಿಗೆ ಹೋಗಲಿಲ್ಲ.

ಕ್ಯಾಮೆರಾದ ಗುಂಡಿ ಒತ್ತಿದ. ಚಿತ್ರ ಪರದೆಯ ಮೇಲೆ ಹಾಗೇ ನಿಂತಿತು. ಅದನ್ನು ತಂಗಿಯ ಮುಂದೆ ಹಿಡಿದ.

ಅಳುತ್ತಾಳೆ, ಇಲ್ಲವೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಏನೋ ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಮಾಡಲಿಲ್ಲ. ಕ್ಯಾಮೆರಾವನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನ ಕೆನ್ನೆಯನ್ನು ಕಣ್ಣರಳಿಸಿ ನೋಡಿದಳು. ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು. ಅವಳು ಅಣ್ಣನ ಕಿವಿಯ ಹತ್ತಿರ ಬಂದಳು.

“ಇದನ್ನ ಅಮ್ಮನ ಫೋನಿಗೆ ಕಳಿಸಕ್ಕಾಗತ್ತಾ ಅಣ್ಣ? ನಾನು ಹೇಳ್ದಾಗೆಲ್ಲ ಗುರುತೆಲ್ಲಿದೆ ತೋರ್ಸು ಅಂತಾಳೆ.”