ಎರಡು ಕಾರಿಗೆ ಒಂದು ಕ್ಯಾಪು

ವೆಂಕಣ್ಣ ಎಂಜಿನ್ನಿಗೆ ಹೊಸ ಡಿಸ್ಟ್ರಿಬ್ಯೂಟರ್ ಕ್ಯಾಪು ಕೂರಿಸಿ ಕೀಲಿ ತಿರುವಿದ ಕೂಡಲೇ ಹಳೆಯ ಮಾರಿಸ್ ಕಾರು ಚಾಲೂ ಆಯಿತು. "ಹಳೇದರ ಅಳತಿಗೇ ಹೊಸದಾಗಿ ಮಾಡ್ಯಾರ ನೋಡ್ರಿ ಗೌಡ್ರ! ಇನ್ನ ಬಸ್ಸು ಹತ್ತಿ ಬೈಲಹೊಂಗಲಕ್ಕ ಬರೋ ತ್ರಾಸು ನಿಮಗ ತಪ್ಪಿತು," ಎಂದು ನಗುತ್ತ ಹಳೆಯ ಕ್ಯಾಪನ್ನು ಒರೆಸಿ ನಿಜಗುಣಪ್ಪನ ಅಂಗೈಯಲ್ಲಿಟ್ಟ.

ಇಬ್ಬರ ಮಾರಿಸ್ ಕಾರುಗಳಿಗೂ ಇಷ್ಟು ವರ್ಷ ಇದ್ದದ್ದು ಅದೊಂದೇ ಕ್ಯಾಪು; ಅದಿಲ್ಲದೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಒಂದು ವಾರ ಅದನ್ನು ಒಯ್ಯಲು, ಮರುವಾರ ತಂದುಕೊಡಲು, ಪ್ರತಿ ಶನಿವಾರ ನಿಜಗುಣಪ್ಪ ಸವದತ್ತಿಯಿಂದ ಬರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಬಾಯಿತುಂಬ ಮಾತಾಡುತ್ತಿದ್ದದ್ದು ವೆಂಕಣ್ಣನ ಈ ಅಂಗಳದಲ್ಲಿ ಮಾತ್ರ. ಕೆಲಸವಿಲ್ಲದೆ ಬಂದರೆ ಏನೆಂದುಕೊಂಡಾರೋ ಎಂಬ ಅಳುಕು ಅವನಿಗೆ.

ಕ್ಯಾಪನ್ನು ಜೇಬಿಗಿಳಿಸಿ ಗೇಟಿನವರೆಗೆ ಹೋದವನು ತಿರುಗಿ ನಿಂತ. "ನಿಮ್ಮ ಕಾರ್ಬೊರೇಟರ್ ಚಲೋ ಐತೇನ್ರಿ? ನಂದು ಸೋರಾಕ ಹತ್ತೈತಿ."

"ಹೌದಾ? ಎಲ್ಲಿ ಸೋರತದ?"

ನಿಜಗುಣಪ್ಪನಿಗೆ ಎರಡನೆಯ ಸುಳ್ಳು ಹೊಳೆಯಲಿಲ್ಲ. ಜೇಬಿನೊಳಗೆ ಕ್ಯಾಪನ್ನು ಬೆರಳಲ್ಲೇ ತಿರುವುತ್ತ ನಿಂತ.

ವೆಂಕಣ್ಣ ಅವನ ಮುಖವನ್ನೊಮ್ಮೆ ನೋಡಿದ. ಎಂಜಿನ್ ಬಂದ್ ಮಾಡಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. "ನಂದು ಬಿಚ್ಚಿ ಕೊಡತೇನಿ, ಒಯ್ರಿ. ಶನಿವಾರ ಮಾತ್ರ ನೀವೇ ತರಬೇಕು ಮತ್ತ, ಯಾರ ಕೈಲೇನೂ ಕಳಸಬ್ಯಾಡ್ರಿ."